‘ಸಾಕು’ ಎನ್ನುವ ಅಣುಗಳು

ಅಫೀಮಿನಿಂದ ಮಾರ್ಫಿನ್, ಕೋಕಾ ಎಲೆಯಿಂದ ಕೊಕೇನ್ 19ನೇ ಶತಮಾನದಲ್ಲೇ ಬೇರ್ಪಟ್ಟಿದ್ದವು. ಗಾಂಜಾದ ಅಮಲಿನ ಮೂಲ ಮಾತ್ರ ಸುಲಭಕ್ಕೆ ದಕ್ಕಲಿಲ್ಲ. ಅದರ ರಾಳದಲ್ಲಿ ಒಂದನ್ನೊಂದು ಹೋಲುವ ಎಣ್ಣೆಯಂಥ ಸಂಯುಕ್ತಗಳೇ ತುಂಬಿದ್ದವು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾಫೆಲ್ ಮೆಶೂಲಮ್, ಪೊಲೀಸರು ಜಪ್ತಿ ಮಾಡಿದ್ದ 5 ಕಿಲೊ ಹಶೀಶ್ ಕೇಳಿ ಪಡೆದು ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ತಂದರು. 1964ರಲ್ಲಿ ಯೆಹಿಯೆಲ್ ಗಾವೊನಿ ಜೊತೆ ಅದರಿಂದ ಅಮಲಿನ ಮೂಲವಾದ ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ತೆಗೆದು, ಅದರ ರಚನೆಯನ್ನು ತಿಳಿಸಿದರು.

ಇದು ಮಿದುಳಿನಲ್ಲಿ ಎಲ್ಲಿ ಹೋಗಿ ಅಂಟುತ್ತದೆ? ಉತ್ತರ ಸಿಕ್ಕಿದ್ದು 1988ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಇಲಿಯ ಮಿದುಳಿನಲ್ಲಿ ಅದರ ಗ್ರಾಹಕವನ್ನು ಗುರುತಿಸಿದರು. ಯಾವುದೋ ಗಿಡದ ರಸಕ್ಕಾಗಿ ಪ್ರಾಣಿಯ ಮಿದುಳು ಗ್ರಾಹಕ ಇಟ್ಟುಕೊಂಡಿರಲಾರದು. ದೇಹದ್ದೇ ಆದ ಅಣುವೊಂದು ಇರಲೇಬೇಕು. ಡಿವೇನ್ ಜೆರುಸಲೇಮಿಗೆ ಹೋಗಿ ಮೆಶೂಲಮ್ ತಂಡ ಸೇರಿದರು. ಅಲ್ಲಿ ಲೂಮಿರ್ ಹನುಷ್ ಮತ್ತಿತರರೊಂದಿಗೆ ಹಂದಿಯ ಮಿದುಳಿನಲ್ಲಿ ಹುಡುಕಾಡಿ, 1992ರಲ್ಲಿ ಆ ಅಣುವನ್ನು ಪತ್ತೆಹಚ್ಚಿದರು. ಸಂಸ್ಕೃತದ ‘ಆನಂದ’ ಸೇರಿಸಿ ಆನಂದಮೈಡ್ ಎಂದು ಹೆಸರಿಟ್ಟರು. 1993ರಲ್ಲಿ ರೋಗನಿರೋಧಕ ಕೋಶಗಳಲ್ಲಿ ಎರಡನೆಯ ಗ್ರಾಹಕ, 1995ರಲ್ಲಿ 2-ಎಜಿ ಎಂಬ ಎರಡನೆಯ ಅಣು ಬೆಳಕಿಗೆ ಬಂದವು.

ಇವುಗಳ ಕೆಲಸದ ಬಗೆ ತಿಳಿದದ್ದು 2001ರಲ್ಲಿ. ನರಕೋಶಗಳ ನಡುವೆ ಸಂದೇಶ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಸಾಗುತ್ತದೆ. ಈ ಅಣುಗಳು ಎದುರು ದಿಕ್ಕಿನಲ್ಲಿ ಹೋಗುತ್ತವೆ. ಬರುವ ಸಂದೇಶ ಅತಿಯಾದರೆ, ಪಡೆಯುತ್ತಿರುವ ಕೋಶ ತನ್ನ ಪೊರೆಯ ಕೊಬ್ಬಿನಿಂದಲೇ ಅವನ್ನು ತಯಾರಿಸಿ, ಕಳುಹಿಸುತ್ತಿರುವ ಕೋಶಕ್ಕೆ ‘ಸಾಕು’ ಎಂದು ತಿಳಿಸುತ್ತದೆ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ, ಬೇಕಾದ ಕಡೆ, ಬೇಕಾದಷ್ಟೇ. ಕೆಲಸ ಮುಗಿದೊಡನೆ ಕಿಣ್ವಗಳು ಅವನ್ನು ಒಡೆದುಹಾಕುತ್ತವೆ. ಹಸಿವು, ನೋವು, ನೆನಪು, ಭಯ ಎಲ್ಲವೂ ಈ ಹದದ ಮೇಲೆ ನಿಂತಿವೆ.

ಹದವನ್ನು ಹೊರಗಿನಿಂದ ಕೆದಕಿದರೆ ಏನಾಗುತ್ತದೆ ಎಂಬುದನ್ನು ರಿಮೊನಬಾಂಟ್ ತೋರಿಸಿತು. ಮೊದಲ ಗ್ರಾಹಕವನ್ನೇ ತಡೆದು ಬೊಜ್ಜು ಇಳಿಸುವ ಈ ಮಾತ್ರೆಗೆ ಯುರೋಪಿನಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ತೂಕವೇನೋ ಇಳಿಯಿತು, ಆದರೆ ಖಿನ್ನತೆ, ಆತ್ಮಹತ್ಯೆಯ ಆಲೋಚನೆಗಳ ಅಪಾಯ ಕಂಡು 2008ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಬೇಕಾಯಿತು.

‘ದೇಹದಲ್ಲೇ ಇರುವಂಥದ್ದು, ಹಾಗಾಗಿ ಗಾಂಜಾ ನಿರಪಾಯ’ ಎಂಬ ವಾದ ಇಲ್ಲೇ ಮುಗ್ಗರಿಸುತ್ತದೆ. ನಮ್ಮ ಅಣುಗಳು ಕ್ಷಣಕಾಲ, ಒಂದೇ ಕಡೆ ಕೆಲಸ ಮಾಡಿ ಮರೆಯಾಗುತ್ತವೆ. ಟಿಎಚ್‌ಸಿ ಗಂಟೆಗಟ್ಟಲೆ ಇಡೀ ಮಿದುಳನ್ನು ಆವರಿಸುತ್ತದೆ. ಇನ್ನೂ ಬಲಿಯುತ್ತಿರುವ ಹದಿಹರೆಯದ ಮಿದುಳಿಗಂತೂ ಇದು ಸಣ್ಣ ವ್ಯತ್ಯಾಸವಲ್ಲ. ನಾಳಿನ ಔಷಧಗಳು ಗೆಲ್ಲಬೇಕಾದರೆ ಈ ವ್ಯವಸ್ಥೆಯ ಹೊತ್ತು, ಜಾಗ, ಅಳತೆ ಮೂರನ್ನೂ ಗೌರವಿಸಲು ಕಲಿಯಬೇಕು.