ತಾಯಂದಿರ ಹೃದಯದ ನೋವನ್ನು ಕಡೆಗಣಿಸಬೇಡಿ



ಹಸು ಒಂದು ಹೊತ್ತು ಮೆಲುಕು ಹಾಕದಿದ್ದರೆ ನಾವು ಆ ದಿನವೇ ಪಶುವೈದ್ಯರನ್ನು ಕರೆಸುತ್ತೇವೆ. ತೆಂಗಿಗೆ ಸೊರಗು ರೋಗ ಬಂದರೆ ಪೊಳ್ಳಾಚಿ, ಉಡುಮಲೈ ಕಡೆಯ ರೈತರಿಗೆ ನಿದ್ದೆ ಬರುವುದಿಲ್ಲ. ಮನೆಯ ತಾಯಿ ‘ಯಾಕೋ ಸುಸ್ತು, ಬೆನ್ನು ಹಿಡಿದಿದೆ’ ಎಂದರೆ ಮಾತ್ರ ‘ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ ಕುಡಿಸಿ ಸುಮ್ಮನಾಗುತ್ತೇವೆ. ‘ನಿನ್ನೆ ಚೆನ್ನಾಗಿಯೇ ಇದ್ದಳು’ ಎಂಬ ಮಾತನ್ನು ಸಾವಿನ ಮನೆಗಳಲ್ಲಿ ಕೇಳುತ್ತೇವೆ. ವಿಚಾರಿಸಿದರೆ, ವಾರದಿಂದ ಆಕೆಗೆ ನಡೆದರೆ ಏದುಸಿರು ಬರುತ್ತಿತ್ತು ಎಂದು ತಿಳಿಯುತ್ತದೆ.

ಹನಿ ನೀರಾವರಿಯ ಕೊಳವೆ ಕಟ್ಟಿಕೊಳ್ಳುವಂತೆ, ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದೇ ಹೃದಯಾಘಾತ. ಬಾಡಿದ ಗಿಡ ನೀರು ಕಂಡರೆ ಚಿಗುರೀತು. ಸತ್ತ ಹೃದಯದ ಸ್ನಾಯು ಚಿಗುರದು. ಆದ್ದರಿಂದ ಪ್ರತಿ ನಿಮಿಷವೂ ಅಮೂಲ್ಯ.

ಲಕ್ಷಣಗಳು: ಹೆಂಗಸರಲ್ಲಿಯೂ ಎದೆ ಬಿಗಿತ, ಎದೆಯ ಮೇಲೆ ಭಾರ ಇಟ್ಟಂತಾಗುವುದೇ ಮುಖ್ಯ ಲಕ್ಷಣ. ಜೊತೆಗೆ ದವಡೆ, ಕುತ್ತಿಗೆ, ಬೆನ್ನು, ತೋಳುಗಳಲ್ಲಿ ನೋವು, ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ವಿಪರೀತ ಸುಸ್ತು ಕಾಣಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವೇ ಬಾರದಿರಬಹುದು.

ಯಾರಿಗೆ ಅಪಾಯ ಹೆಚ್ಚು? ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಇರುವವರಿಗೆ. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವವರಿಗೆ. ಸೌದೆ ಒಲೆಯ ಹೊಗೆಯಲ್ಲಿ ಬೇಯುವವರಿಗೆ. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ಬಸಿರಿನಲ್ಲಿ ರಕ್ತದೊತ್ತಡ ಅಥವಾ ಸಕ್ಕರೆ ಏರಿದ್ದವರು, ಹೆರಿಗೆಯ ನಂತರ ಅದು ಇಳಿದಿದ್ದರೂ, ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಲಿ. ಹೊಲದ ಕೆಲಸವಿದೆ, ಹೃದಯಕ್ಕೆ ಏನೂ ಆಗದು ಎಂಬ ಧೈರ್ಯ ಬೇಡ. ಉಪ್ಪಿನಕಾಯಿ, ಒಣಮೀನು, ಕರಿದ ತಿಂಡಿ ಕಡಿಮೆ ಮಾಡಿ. ವೈದ್ಯರು ಕೊಟ್ಟ ಮಾತ್ರೆಯನ್ನು ‘ಈಗ ಸರಿಯಾಗಿದೆ’ ಎಂದು ನಿಲ್ಲಿಸಬೇಡಿ.

ಏನು ಮಾಡಬೇಕು? ಅನುಮಾನ ಬಂದೊಡನೆ 108ಕ್ಕೆ ಫೋನ್ ಮಾಡಿ. ರೋಗಿಯನ್ನು ನಡೆಸಬೇಡಿ, ಬೈಕಿನಲ್ಲಿ ಕೂರಿಸಬೇಡಿ. ಇಸಿಜಿ ತೆಗೆಯಲು ಕೇಳಿ. ಮೊದಲನೆಯದು ಸರಿಯಿದ್ದರೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ತೆಗೆಸಿ. ತಮಿಳುನಾಡು ಸರ್ಕಾರ 2023ರಲ್ಲಿ ‘ಇದಯಂ ಕಾಪ್ಪೋಂ’ ಯೋಜನೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ಹೃದಯಾಘಾತದ ಮೊದಲ ಮಾತ್ರೆಗಳನ್ನು ಇರಿಸಿತು. ಅವನ್ನು ನುಂಗಿ ಮನೆಗೆ ಮರಳುವುದಲ್ಲ, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು.

ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದಾಗ ಮನೆಯವರು ತಡಮಾಡದೆ ಪ್ರಭು ಯೇಸುವಿಗೆ ತಿಳಿಸಿದರೆಂದು ಸಂತ ಮಾರ್ಕರ ಶುಭಸಂದೇಶದಲ್ಲಿ ಓದುತ್ತೇವೆ. ನಮ್ಮ ತಾಯಂದಿರು ತಮ್ಮ ನೋವನ್ನು ತಾವಾಗಿ ಹೇಳುವವರಲ್ಲ. ಕೊಟ್ಟಿಗೆ, ಅಡಿಗೆ, ಹೊಲ ಎಲ್ಲ ಮುಗಿದ ಮೇಲೆ ತಾವು ಉಣ್ಣುವವರು. ಅವರ ಪರವಾಗಿ ಹೇಳುವವರು ನಾವಾಗೋಣ. ಇಂದು ರಾತ್ರಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ ‘ಅಮ್ಮಾ, ಹೇಗಿದ್ದೀರಿ?’ ಎಂದು ಕೇಳಿ; ಉತ್ತರ ಬರುವವರೆಗೆ ಕಾಯಿರಿ.