ಸೇವೆಯ ಹೊಸತನಕ್ಕೆ ಹೆಸರೇ ಸಾಕ್ಷಿ

ಒಂದು ದೇಶದ ಉದ್ಯಮಗಳಲ್ಲಿ ಎಷ್ಟು ಹೊಸತನವಿದೆ ಎಂದು ತಿಳಿಯಲು ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಪೇಟೆಂಟುಗಳನ್ನು ಎಣಿಸುತ್ತ ಬಂದಿದ್ದಾರೆ. ಔಷಧಿಗೆ, ಯಂತ್ರಕ್ಕೆ ಈ ಲೆಕ್ಕ ಸರಿ, ಸೇವೆಗೆ ಸಾಲದು. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರೆಡ್‌ಬಸ್, ಹಲವು ಖಾಸಗಿ ಬಸ್ಸುಗಳ ಸೀಟುಗಳನ್ನು ಒಂದೇ ಕಡೆ ತೋರಿಸಿ, ಮನೆಯಲ್ಲೇ ಕೂತು ಟಿಕೆಟ್ ಕಾಯ್ದಿರಿಸುವ ಅನುಕೂಲ ಮಾಡಿಕೊಟ್ಟಿತು. ಪ್ರಯಾಣಿಕರ ಪಾಲಿಗೆ ಇದು ದೊಡ್ಡ ಬದಲಾವಣೆ. ಆದರೆ ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನ ಪ್ರಕಾರ ವ್ಯವಹಾರದ ವಿಧಾನಕ್ಕೆ ಪೇಟೆಂಟ್ ಇಲ್ಲ, ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೂ ಇಲ್ಲ. ಹೀಗಾಗಿ ದೇಶದ ಉತ್ಪನ್ನದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲುಳ್ಳ ಸೇವಾವಲಯದ ಹೊಸತನ ಈ ಎಣಿಕೆಗೆ ಬಹುಪಾಲು ಸಿಕ್ಕುವುದೇ ಇಲ್ಲ.

ಅದನ್ನು ಹಿಡಿಯಲು ಟ್ರೇಡ್‌ಮಾರ್ಕ್ ಹೆಚ್ಚು ಯೋಗ್ಯವಾದ ಅಳತೆ. ಸೇವೆಯನ್ನು ಮುಟ್ಟಿ ನೋಡಿ ಕೊಳ್ಳಲಾಗದು. ಗಿರಾಕಿ ನಂಬುವುದು ಹೆಸರನ್ನು. ಆದ್ದರಿಂದ ಹೊಸ ಸೇವೆ ತರುವವರು ಹೆಸರನ್ನು ಭದ್ರಪಡಿಸಿಕೊಳ್ಳುತ್ತಾರೆ. ಟ್ರೇಡ್‌ಮಾರ್ಕ್ ನೋಂದಣಿಗೆ ಬಳಸುವ ಅಂತರರಾಷ್ಟ್ರೀಯ ನೀಸ್ ವರ್ಗೀಕರಣದ 45 ವರ್ಗಗಳಲ್ಲಿ 35ರಿಂದ 45ರವರೆಗಿನವು ಸೇವೆಗಳಿಗೇ ಮೀಸಲು: ಹಣಕಾಸು 36, ಸಾರಿಗೆ 39, ಊಟ-ವಸತಿ 43. ಯಾವ ರಂಗದಲ್ಲಿ ಚಟುವಟಿಕೆ ಹೆಚ್ಚುತ್ತಿದೆ ಎಂಬುದು ವರ್ಗವಾರು ಎಣಿಕೆಯಿಂದ ಗೊತ್ತಾಗುತ್ತದೆ. ಜರ್ಮನಿಯ ಸಂಶೋಧಕ ಉಲ್ರಿಕ್ ಶ್ಮೋಕ್ 2003ರಲ್ಲಿ, ಪೋರ್ಚುಗಲ್ಲಿನ ಅರ್ಥಶಾಸ್ತ್ರಜ್ಞ ಸಾಂಡ್ರೊ ಮೆಂಡೋನ್ಸಾ ಮತ್ತು ಸಂಗಡಿಗರು 2004ರಲ್ಲಿ ಈ ಅಳತೆಯ ಪರವಾಗಿ ವಾದ ಮಂಡಿಸಿದರು.

ಹಳೆಯ ಸರಕಿಗೇ ಹೊಸ ಹೆಸರು ಕಟ್ಟಿದರೆ ಅದೂ ಹೊಸತನವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಅರ್ಜಿಗಳನ್ನಷ್ಟೇ ಎಣಿಸಿ ಸುಮ್ಮನಾಗಬಾರದು. ನೋಂದಣಿಯನ್ನು 10 ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸಬೇಕು. ಜೊಳ್ಳು ಹೆಸರುಗಳಿಗೆ ಆ ಖರ್ಚು ಮಾಡುವವರು ಕಡಿಮೆ. ನವೀಕರಣವನ್ನೂ ನೋಡಿದರೆ ಲೆಕ್ಕಕ್ಕೆ ತೂಕ ಬರುತ್ತದೆ. ಕಾನೂನಿನ ಇತಿಹಾಸವೂ ನೆನಪಿರಬೇಕು. ಭಾರತದಲ್ಲಿ ಸೇವೆಗಳ ಹೆಸರಿಗೆ ನೋಂದಣಿ ದೊರೆತದ್ದು 1999ರ ಟ್ರೇಡ್‌ಮಾರ್ಕ್ ಕಾಯ್ದೆ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಮೇಲೆ. ಅಲ್ಲಿಂದಾಚೆಗಿನ ಏರಿಕೆಯನ್ನೆಲ್ಲ ಹೊಸತನವೆಂದು ಓದಿದರೆ ತಪ್ಪಾಗುತ್ತದೆ.

ನಿಜವಾಗಿ ಕಾಡುವ ಆಕ್ಷೇಪ ಬೇರೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿ ಹೋಟೆಲು, ನಿಂತು ತಿನ್ನುವ, ತಾವೇ ತಂದುಕೊಳ್ಳುವ, ಕಡಿಮೆ ಬೆಲೆಯ ತಿಂಡಿಯ ಹೊಸ ಪದ್ಧತಿಯನ್ನೇ ತಂದಿತು. ಅದು ಬೀದಿಬೀದಿಗೆ ಹರಡಿದ್ದು ಯಾರು ಬೇಕಾದರೂ ‘ದರ್ಶಿನಿ’ ಎಂದು ಬೋರ್ಡು ಹಾಕಿಕೊಳ್ಳಬಹುದಾಗಿದ್ದರಿಂದ. ಎಲ್ಲರ ಸೊತ್ತಾದ ಇಂಥ ಹೊಸತನ ನೋಂದಣಿ ಕಚೇರಿಯ ಲೆಕ್ಕಕ್ಕೆ ಬಾರದು. ಹಾಗಾಗಿ ಟ್ರೇಡ್‌ಮಾರ್ಕ್ ಕೊಡುವ ಸಂಖ್ಯೆ ಬಹಳ ಸಲ ವಾಸ್ತವಕ್ಕಿಂತ ಕಡಿಮೆಯೇ ಇರುತ್ತದೆ. ಅದರ ಪಕ್ಕದಲ್ಲಿ ಸಣ್ಣ ಹೋಟೆಲು, ಕ್ಲಿನಿಕ್ಕು, ಗ್ಯಾರೇಜುಗಳ ಮಾಲೀಕರನ್ನೇ ವಿಚಾರಿಸಿ ಮಾಡಿದ ಸಮೀಕ್ಷೆಯೂ ಇರಬೇಕು.