ಕರೆದವರಿಗೆಲ್ಲಾ ಸ್ಥಳವಿರಲಿ



ಶಾಲೆಯಲ್ಲಿ ಒಂದು ಉತ್ಸವವೆಂದರೆ ನಾಟಕ, ಸಂಗೀತ, ಬಹುಮಾನ ಇವೇ ಮೊದಲು ನಮ್ಮ ಮನಸ್ಸಿಗೆ ಬರುವುವು. ಎಷ್ಟು ಮಂದಿಯನ್ನು ಕರೆಯಬೇಕೆಂಬ ಪ್ರಶ್ನೆಯು ಕಟ್ಟಕಡೆಗೆ ಏಳುವುದು. ಅನೇಕ ಸಲ ಏಳುವುದೇ ಇಲ್ಲ. ಬೈಂದೂರಿನಿಂದಲೋ ಬ್ರಹ್ಮಾವರದಿಂದಲೋ ಬೆಳಿಗ್ಗೆ ಹೊರಟು ಕುಂದಾಪುರಕ್ಕೆ ಬಂದ ತಾಯಿಯೊಬ್ಬಳು ಒಳಗೆ ಸ್ಥಳವಿಲ್ಲದೆ, ಮಗಳ ಪದ್ಯವನ್ನು ಕೇಳದೆ ಹಿಂತಿರುಗಿದರೆ, ಆ ದಿನದ ಸಂತೋಷದಲ್ಲಿ ಆಕೆಗೆ ದೊರೆತ ಪಾಲೇನು? ಆದುದರಿಂದ ಅತಿಥಿಗಳ ಸಂಖ್ಯೆಯನ್ನು ಗೊತ್ತುಮಾಡುವ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸುವೆನು.

ಈ ಚಿಂತೆಯು ನಮ್ಮ ಸೀಮೆಗೆ ಹೊಸತಲ್ಲ. ಬಯಲಾಟಕ್ಕೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಬಂದವರು ಗದ್ದೆಯ ಅಂಚಿನಲ್ಲಿ ಕುಳಿತು ನೋಡುವರು, ಬೇಕಾದಾಗ ಎದ್ದು ಹೋಗುವರು. ಆದರೆ ಸಾಲಿಗ್ರಾಮ, ಪೆರ್ಡೂರು ಮೇಳಗಳಂತೆ ಡೇರೆ ಕಟ್ಟಿ ಟಿಕೇಟಿನ ಆಟವಾಡುವ ಕ್ರಮ ಬಂದಾಗ ಆಸನಗಳ ಲೆಕ್ಕವೂ ಅದರೊಡನೆ ಬಂತು. ಯಾಕಂದರೆ ಸ್ಥಳಕ್ಕೆ ಆವರಣವಾದೊಡನೆ ಮಿತಿಯೂ ಆಗುವುದು. ಬ್ರಹ್ಮಾವರ ತಾಲೂಕಿನ ಮಂದಾರ್ತಿಯಲ್ಲಿ ಮಿತಿಯು ಇನ್ನೊಂದು ವಿಧವಾದದ್ದು. ಅಲ್ಲಿ ಹರಕೆಯ ಆಟವಾಡಿಸಬೇಕೆನ್ನುವವರು ಬಹಳ; ಒಂದು ಮೇಳಕ್ಕಾದರೋ ಒಂದು ರಾತ್ರಿಗೆ ಒಂದೇ ಆಟ. ಕ್ಷೇತ್ರದವರು ಮೇಳಗಳನ್ನು ಐದಕ್ಕೆ ಏರಿಸಿದರು. ಹಾಗಿದ್ದರೂ ಮುಂಗಡವಾಗಿ ಹೆಸರು ಬರೆಸಿದವರು ತಮ್ಮ ಸರದಿಗೆ ಅನೇಕ ವರ್ಷಗಳ ಕಾಲ ಕಾದಿರುವರು. ಇದರಲ್ಲಿ ನಮಗೆ ಎರಡು ಪಾಠಗಳಿವೆ: ಸಾಧ್ಯವಾದರೆ ಅವಕಾಶವನ್ನು ಹೆಚ್ಚಿಸತಕ್ಕದ್ದು, ಸಾಧ್ಯವಾಗದಿದ್ದರೆ ಸರದಿಯನ್ನು ನ್ಯಾಯವಾಗಿ ನಡಿಸತಕ್ಕದ್ದು. ಇದ್ದ ಒಂದೇ ಸ್ಥಳದಲ್ಲಿ ಇಬ್ಬರನ್ನು ತುರುಕುವುದು ಮೂರನೆಯ ದಾರಿಯಲ್ಲ.

ತುರುಕಿದರೆ ಆಗುವುದೇನೆಂಬುದಕ್ಕೆ ದುಃಖಕರವಾದ ನಿದರ್ಶನಗಳುಂಟು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವವು ನಡೆಯುತ್ತಿದ್ದಾಗ ಶಾಮಿಯಾನಕ್ಕೆ ಬೆಂಕಿ ಹತ್ತಿತು. ಜನ ಕಿಕ್ಕಿರಿದಿದ್ದರು, ಹೊರಬೀಳಲು ಸಾಕಷ್ಟು ಬಾಗಿಲುಗಳಿರಲಿಲ್ಲ. 400ಕ್ಕೂ ಮಿಕ್ಕಿ ಜನರು ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ನಮ್ಮ ರಾಜ್ಯದಲ್ಲಿಯೇ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವವಿತ್ತು. ಸುಮಾರು 35,000 ಮಂದಿ ಹಿಡಿಯುವ ಸ್ಥಳಕ್ಕೆ ಲಕ್ಷಗಟ್ಟಲೆ ಜನರು ಬಂದರು. ಯಾರಿಗೆ ಪ್ರವೇಶವುಂಟು, ಯಾರಿಗಿಲ್ಲ ಎಂಬುದು ಜನರಿಗೆ ಸ್ಪಷ್ಟವಾಗಿರಲಿಲ್ಲ. ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳಕೊಂಡರು. ನಮ್ಮ ಶಾಲೆಯ ಕೂಟವು ಚಿಕ್ಕದು, ನಿಜ. ಆದರೆ ನಿಯಮವು ಚಿಕ್ಕದಕ್ಕೂ ದೊಡ್ಡದಕ್ಕೂ ಒಂದೇ.

ಆ ನಿಯಮವೇನಂದರೆ: ಸ್ಥಳ, ಬಾಗಿಲು, ಊಟ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ಜನರಿಗೆ ಸಾಕಾಗುವುದೋ ಅದೇ ನಮ್ಮ ಸಂಖ್ಯೆ. ಒಂದು ಉದಾಹರಣೆಯನ್ನು ನೋಡುವ. ಸಭಾಂಗಣವು 60 ಅಡಿ ಉದ್ದ, 30 ಅಡಿ ಅಗಲವಿದ್ದರೆ ಒಟ್ಟು 1,800 ಚದರ ಅಡಿ. ಇದರಲ್ಲಿ ವೇದಿಕೆಗೆ 300, ನಡುದಾರಿಗೂ ಬಾಗಿಲುಗಳ ಮುಂಭಾಗಕ್ಕೂ 450 ಕಳೆದರೆ ಉಳಿದುದು 1,050. ಕುರ್ಚಿಯಲ್ಲಿ ಕೂತವರಿಗೆ ತಲೆಗೆ ಏಳು ಚದರ ಅಡಿಯಂತೆ 150 ಮಂದಿ ಹಿಡಿಯುವರು. ಬಾಗಿಲುಗಳು ಎರಡಾದರೂ ಇರಬೇಕು, ಒಂದಕ್ಕೊಂದು ದೂರದಲ್ಲಿರಬೇಕು, ಹೊರಮುಖವಾಗಿ ತೆರೆಯಬೇಕು, ಕಾರ್ಯಕ್ರಮ ಮುಗಿಯುವ ತನಕ ಬೀಗವಿರಬಾರದು. ಇನ್ನು ಊಟ. ಒಂದು ಪಂಕ್ತಿಗೆ 40 ಎಲೆಯಂತೆ, ವಿರಾಮದೊಳಗೆ ಮೂರು ಪಂಕ್ತಿಗಳಾದರೆ 120 ಮಂದಿಯ ಊಟವಾಗುವುದು. ಹಾಗಾದರೆ ನಮ್ಮ ಸಂಖ್ಯೆಯು 150 ಅಲ್ಲ, 120. ಊಟದ ಬದಲು ಚಹಾ ತಿಂಡಿಯನ್ನಿಟ್ಟರೆ ಮಾತ್ರ 150ಕ್ಕೆ ಹೋಗಬಹುದು.

ಆ 120ರಲ್ಲಿ ಆಟಪಾಠದ ಮಕ್ಕಳು, ಅಧ್ಯಾಪಿಕೆಯರು, ಸ್ವಯಂಸೇವಕಿಯರು ಸೇರಿ 40 ಮಂದಿಯಾದರೆ ಅತಿಥಿಗಳಿಗೆ ಉಳಿಯುವುದು 80. ಹತ್ತರಲ್ಲೊಂದು ಪಾಲನ್ನು, ಅಂದರೆ 8 ಸ್ಥಳಗಳನ್ನು, ತಡೆದಿಡಬೇಕು. ದೂರದಿಂದ ಬಂದ ವೃದ್ಧ ಅಧ್ಯಾಪಿಕೆಯೋ, ಮುಂದಾಗಿ ತಿಳಿಸದೆ ಬಂದ ಗಣ್ಯರೋ ಬಾಗಿಲಲ್ಲಿ ನಿಂತಾಗ ಅವು ಮರ್ಯಾದೆಯನ್ನು ಕಾಯುವುವು. ಉಳಿದ 72ರಲ್ಲಿ, ರಂಗದ ಮೇಲೆ ಬರುವ 26 ಹುಡುಗಿಯರ ಮನೆಗಳಿಗೆ ಎರಡೆರಡರಂತೆ 52, ಹಳೆ ವಿದ್ಯಾರ್ಥಿನಿಯರಿಗೆ 20. ಮಡಿಲಲ್ಲಿ ಕೂರುವ ಕೂಸನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ಬಾಗಿಲಿನಿಂದ ಹೊರಡುವಾಗ ಅದೂ ಒಂದು ಜೀವವೇ.

ಚೀಟಿಗಳಿಗೆ ಕ್ರಮಸಂಖ್ಯೆಯಿರಲಿ. ಉತ್ತರಿಸಲು ಕಡೆಯ ದಿನವನ್ನು ಆಮಂತ್ರಣದಲ್ಲಿಯೇ ಬರೆಯಬೇಕು. ಸ್ಥಳ ಮುಗಿದ ಮೇಲೆ ಕೇಳಿದವರ ಹೆಸರನ್ನು ಕೇಳಿದ ಕ್ರಮದಂತೆಯೇ ಬರೆದಿಟ್ಟು, ಯಾರಾದರೂ ಚೀಟಿಯನ್ನು ಹಿಂದೆ ಕೊಟ್ಟೊಡನೆ ಮೊದಲಿನವರಿಗೆ ತಿಳಿಸಬೇಕು. ಕೆಲವರು ಹೇಗೂ ಬಾರರೆಂದು ಊಹಿಸಿ ಹೆಚ್ಚು ಚೀಟಿಗಳನ್ನು ಹಂಚುವ ವಾಡಿಕೆಯುಂಟು, ಅದು ಬೇಡ. ಎಲ್ಲರೂ ಬಂದರೆ ಕರೆದವರನ್ನೇ ತಡೆಯಬೇಕಾಗುವುದು. ಅದರ ಬದಲು ಮೂರು ದಿನ ಮೊದಲು ಇನ್ನೊಮ್ಮೆ ವಿಚಾರಿಸುವುದು ಲೇಸು. ಈಗ ಮೊಬೈಲಿನಲ್ಲಿ ಹೆಸರು ಬರೆಸುವುದು ಬಹು ಸುಲಭ. ಸುಲಭವಾಗಿ ಬರೆಸಿದ ಹೆಸರು ಸುಲಭವಾಗಿ ಮರೆತೂಹೋಗುವುದು. ಆದುದರಿಂದ ವಿಚಾರಣೆಯು ಇನ್ನಷ್ಟು ಅವಶ್ಯ. ಗೊತ್ತಾದ ಸಂಖ್ಯೆ ತುಂಬಿದೊಡನೆ ಮೊಬೈಲಿನ ಪಟ್ಟಿಯೂ ತಾನಾಗಿ ಮುಚ್ಚುವ ಹಾಗೆ ಏರ್ಪಡಿಸಿರಬೇಕು. ಕಾದಿರುವವರ ಪಟ್ಟಿಯು ಬಹಳ ಬೆಳೆದರೆ ಅದೇ ಕಾರ್ಯಕ್ರಮವನ್ನು ಮರುದಿನವೂ ನಡಿಸಬಹುದು. ಮಂದಾರ್ತಿಯವರು ಮೇಳಗಳನ್ನು ಹೆಚ್ಚಿಸಿದುದು ಇದೇ ನ್ಯಾಯದಿಂದ.

ಉತ್ಸವದ ದಿನ ಪ್ರತಿ ಬಾಗಿಲಲ್ಲಿಯೂ ಒಬ್ಬರು ಒಳಬಂದವರನ್ನೂ ಹೊರಹೋದವರನ್ನೂ ಎಣಿಸಬೇಕು. ಮುಖ ನೋಡಿ ಮಣೆ ಹಾಕಬಾರದು. ಒಬ್ಬರಿಗೆ ಸಡಿಲಿಸಿದ ನಿಯಮವು ಹತ್ತು ಮಂದಿಗೆ ಸಡಿಲಾಗುವುದು.

ಹೆತ್ತವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. "ಈ ಸಲ ಸ್ಥಳವಿಲ್ಲ" ಎಂಬ ಪತ್ರವು ಮನೆಗೆ ಬಂದರೆ ಅದನ್ನು ಅನಾದರವೆಂದು ತಿಳಿಯಬೇಡಿರಿ. ಮನೆಯಲ್ಲಿ ಕೇಳಿದ ಇಲ್ಲವೆಂಬ ಮಾತು ಬಾಗಿಲಲ್ಲಿ ಕೇಳುವುದಕ್ಕಿಂತ ಮೃದುವಾದದ್ದು. ನಿಮಗೆ ಬರಲಾಗದಿದ್ದರೆ ಚೀಟಿಯನ್ನು ಬೇಗನೆ ಹಿಂದೆ ಕಳುಹಿಸಿರಿ. ನಿಮ್ಮ ಆ ಕುರ್ಚಿಯನ್ನು ಕಾದು ಇನ್ನೊಬ್ಬ ತಾಯಿಯು ಕೂತಿರುವಳು.